ಸಾಲದ ವಿಷಯ ಮನೆಯಲ್ಲಿ ಹೇಳಿ, ಆದರೆ ಪೂರ್ತಿ ಹೇಳಿ

ಸಂಬಳ ಬಂದ ಮೂರನೇ ದಿನಕ್ಕೆ ಖಾತೆ ಖಾಲಿ. ಒಂದು ಕ್ರೆಡಿಟ್ ಕಾರ್ಡಿನ ಬಾಕಿ ಕಟ್ಟಲು ಆ್ಯಪಿನಲ್ಲಿ ಸಾಲ, ಆ ಆ್ಯಪಿನ ಕಂತಿಗೆ ಗೆಳೆಯನ ಹತ್ತಿರ ಕೈಸಾಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಫೋನ್ ಬಂದರೆ ಎದ್ದು ಹೊರಗೆ ಹೋಗಿ ಮಾತಾಡುವುದು ಅಭ್ಯಾಸ ಆಗಿಬಿಟ್ಟಿದೆ. ನನ್ನ ಇಪ್ಪತ್ತಾರನೇ ವಯಸ್ಸು ಹೀಗೇ ಕಳೆಯಿತು. ನಿಮ್ಮದೂ ಇದೇ ಪರಿಸ್ಥಿತಿ ಆಗಿದ್ದರೆ, ಮನೆಯವರ ಸಹಾಯ ತಗೊಂಡು ಹೊರಗೆ ಬರುವುದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಒಂದೇ ಸಲ ಎಲ್ಲ ತೀರಿಸಿಬಿಟ್ಟರೆ ಸಾಕು ಅಂತ ನಿಮ್ಮ ಮನಸ್ಸಿನಲ್ಲಿದ್ದರೆ, ಆ ಆಸೆ ಬಿಡಿ. ಹಾಗೆ ತೀರಿದ ಸಾಲ ವರ್ಷದೊಳಗೆ ವಾಪಸ್ ಬರುವುದನ್ನು ಹತ್ತಿರದಿಂದ ನೋಡಿದ್ದೇನೆ. ಬಾಕಿ ಸೊನ್ನೆ ಆದ ದಿನ ಕಾರ್ಡಿನ ಮಿತಿ ಮತ್ತೆ ಪೂರ್ತಿ ಕೈಗೆ ಸಿಗುತ್ತದೆ, ಖರ್ಚು ಮಾಡುವ ಕೈ ಮಾತ್ರ ಹಳೆಯದೇ. ಮನೆಯವರಿಂದ ನಿಜವಾಗಿ ಬೇಕಾಗಿರುವುದು ಎರಡು. ಬಡ್ಡಿ ಓಡುವ ವೇಗ ತಗ್ಗಿಸಲು ಒಂದು ಆಸರೆ, ಸುಳ್ಳು ಹೇಳಬೇಕಾಗದ ಒಂದು ಜಾಗ. ಎರಡನೆಯದೇ ದೊಡ್ಡದು ಅಂತ ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು.

ಮೊದಲು ಒಂದು ಹಾಳೆ ತಗೊಳ್ಳಿ

ಯಾರ ಹತ್ತಿರವೂ ಹೋಗುವ ಮುಂಚೆ ಒಬ್ಬರೇ ಕೂತು ಬರೆಯಿರಿ. ಯಾರಿಗೆ ಕೊಡಬೇಕು, ಇವತ್ತಿಗೆ ಎಷ್ಟು ಬಾಕಿ, ಬಡ್ಡಿ ಎಷ್ಟು, ತಿಂಗಳ ಕಂತು ಎಷ್ಟು, ಯಾವ ತಾರೀಕು, ತಪ್ಪಿದರೆ ದಂಡ ಎಷ್ಟು, ಈಗಾಗಲೇ ಎಷ್ಟು ಕಂತು ತಪ್ಪಿದೆ, ಯಾರಾದರೂ ಜಾಮೀನು ನಿಂತಿದ್ದಾರಾ, ಏನಾದರೂ ಅಡ ಇಟ್ಟಿದ್ದೀರಾ. ನೆನಪಿನಿಂದ ಬರೆಯಬೇಡಿ. ಸಾಲದ ವಿಷಯದಲ್ಲಿ ನೆನಪು ಯಾವಾಗಲೂ ಕಡಿಮೆಯೇ ಹೇಳುತ್ತದೆ. ಸ್ಟೇಟ್‌ಮೆಂಟ್ ತೆಗೆದು ನೋಡಿ. ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಹೆಸರಲ್ಲಿರುವ ಸಾಲಗಳ ದಾಖಲೆ, ತೆಗೆಸಿದರೆ ಮರೆತುಹೋದ ಹಳೇ ಸಾಲವೂ ಕಾಣಿಸಬಹುದು. ಗೆಳೆಯರ ಕೈಸಾಲ ಅದರಲ್ಲಿ ಬರುವುದಿಲ್ಲ, ಅದನ್ನು ನೀವೇ ಸೇರಿಸಬೇಕು.

ಬಡ್ಡಿ ಬರೆಯುವಾಗ ಹುಷಾರು. ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಹೇಳಿರುತ್ತಾರೆ. ತಿಂಗಳಿಗೆ ಶೇ. 3 ಅಂದರೆ ಕೇಳಲು ಏನೂ ಅನ್ನಿಸುವುದಿಲ್ಲ, ಆದರೆ ಅದು ವರ್ಷಕ್ಕೆ ಶೇ. 36, ಬಡ್ಡಿಗೆ ಬಡ್ಡಿ ಸೇರಿದರೆ ಶೇ. 42 ದಾಟುತ್ತದೆ. 'ಫ್ಲಾಟ್ ರೇಟ್ ಶೇ. 12' ಅನ್ನುವವರು ಇದ್ದಾರೆ. ಅಲ್ಲಿ ನೀವು ತಿಂಗಳು ತಿಂಗಳು ಅಸಲು ವಾಪಸ್ ಕೊಡುತ್ತಿದ್ದರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಮೊತ್ತದ ಮೇಲೆಯೇ. ಒಂದು ವರ್ಷದ ಸಾಲಕ್ಕೆ ಆ 12, ಇಳಿಯುವ ಬಾಕಿಯ ಲೆಕ್ಕದಲ್ಲಿ ಸುಮಾರು 21.5 ಆಗುತ್ತದೆ. ಇನ್ನು ಕೆಲವು ಕಡೆ ಬಡ್ಡಿಯೇ ಇಲ್ಲ, ಬರೀ ಶುಲ್ಕ. ಹತ್ತು ಸಾವಿರ ಸಾಲ ಅಂತ ಹೇಳಿ ಒಂಬತ್ತು ಸಾವಿರ ಕೈಗೆ ಕೊಟ್ಟು ಮೂವತ್ತು ದಿನಕ್ಕೆ ಹತ್ತು ಸಾವಿರ ವಾಪಸ್ ಕೇಳಿದರೆ, ಅದು ತಿಂಗಳಿಗೆ ಶೇ. 11ಕ್ಕಿಂತ ಜಾಸ್ತಿ ಬಡ್ಡಿ. ಹೆಸರು ಏನೇ ಇರಲಿ. ಎಲ್ಲವನ್ನೂ ವರ್ಷದ ಲೆಕ್ಕಕ್ಕೆ ತಂದು ಪಕ್ಕಪಕ್ಕ ಬರೆದರೆ ಯಾವುದು ನಿಮ್ಮನ್ನು ತಿನ್ನುತ್ತಿದೆ ಅಂತ ತಾನಾಗಿಯೇ ಗೊತ್ತಾಗುತ್ತದೆ.

ಕಾರ್ಡಿನ 'ಮಿನಿಮಮ್', ಅಂದರೆ ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನಾನು ಬಿದ್ದದ್ದು ಅಲ್ಲೇ. ಒಂದು ಲಕ್ಷ ಬಾಕಿ, ತಿಂಗಳಿಗೆ ಶೇ. 3 ಬಡ್ಡಿ, ಬಡ್ಡಿ ಸೇರಿದ ಒಟ್ಟು ಬಾಕಿಯ ಶೇ. 5 ಕಟ್ಟಿದರೆ ಸಾಕು ಅಂದುಕೊಳ್ಳಿ. ಮೊದಲ ತಿಂಗಳು 5,150 ಕಟ್ಟುತ್ತೀರಿ. ಅದರಲ್ಲಿ 3,000 ಬಡ್ಡಿಗೇ ಹೋಯಿತು. ಮುಂದಿನ ತಿಂಗಳು ಬಾಕಿ ಸ್ವಲ್ಪ ಇಳಿದಿರುತ್ತದೆ, ಮಿನಿಮಮ್ ಕೂಡ ಇಳಿಯುತ್ತದೆ, ನಿಮಗೆ ಖುಷಿ. ಹೊಸ ಖರ್ಚು ಒಂದೂ ಮಾಡದೆ ಹೀಗೇ ಒಂದು ವರ್ಷ ಕಟ್ಟಿದರೆ ಜೇಬಿನಿಂದ ಹೋದದ್ದು ಸುಮಾರು 55,000, ಸಾಲ ಇಳಿದದ್ದು ಸುಮಾರು 23,000. ಈಗ ಒಂದೇ ಒಂದು ಬದಲಾವಣೆ ಮಾಡಿ. ಮಿನಿಮಮ್ ಎಷ್ಟೇ ಇಳಿಯಲಿ, ನೀವು ಪ್ರತಿ ತಿಂಗಳೂ ಅದೇ 5,150 ಕಟ್ಟುತ್ತಾ ಹೋಗಿ. 30 ತಿಂಗಳಲ್ಲಿ ಸಾಲ ಪೂರ್ತಿ ಮುಗಿಯುತ್ತದೆ. ಇಳಿಯುವ ಮಿನಿಮಮ್ ಕಟ್ಟುತ್ತಾ ಬಂದವರಿಗೆ ಅದೇ 30 ತಿಂಗಳ ಕೊನೆಯಲ್ಲಿ ಇನ್ನೂ 52,000 ಬಾಕಿ ಇರುತ್ತದೆ. ಈ ಲೆಕ್ಕ ಮೊದಲ ಸಲ ಮಾಡಿದಾಗ ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಹಾಳೆಯ ಹಿಂಬದಿಯಲ್ಲಿ ನಿಮ್ಮ ಆದಾಯ, ತಿಂಗಳ ಖರ್ಚು ಬರೆಯಿರಿ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಬರೆದರೆ ಸಾಕು.

ಹೇಳುವುದು

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. ನಾನು ಇದನ್ನು ಕೆಟ್ಟದಾಗಿ ಮಾಡಿದೆ, ಅದನ್ನೇ ಹೇಳುತ್ತೇನೆ. ಮೊದಲ ಸಲ ಹೇಳಿದಾಗ ಅರ್ಧ ಸಾಲ ಮಾತ್ರ ಹೇಳಿದೆ. ಪೂರ್ತಿ ಹೇಳಿದರೆ ಅಮ್ಮ ತಡೆದುಕೊಳ್ಳಲಾರರು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ನಾನು ತಡೆದುಕೊಳ್ಳಲಾರೆ ಅನ್ನಿಸಿತ್ತು, ಅಷ್ಟೇ. ಅಪ್ಪ ತಮ್ಮ ಉಳಿತಾಯ ಮುರಿದು ಆ ಅರ್ಧ ತೀರಿಸಿದರು. ನಾಲ್ಕು ತಿಂಗಳ ಮೇಲೆ ಉಳಿದ ಅರ್ಧವೂ ಹೊರಗೆ ಬಿತ್ತು. ಅಪ್ಪ ಬೈಯಲಿಲ್ಲ. 'ಇನ್ನೂ ಇದೆಯಾ?' ಅಂದರು. ಆಮೇಲೆ ಒಂದು ವರ್ಷ ನಾನು ಏನೇ ಲೆಕ್ಕ ತೋರಿಸಿದರೂ ಅವರದ್ದು ಅದೇ ಪ್ರಶ್ನೆ. ಸಾಲಕ್ಕಿಂತ ಆ ಪ್ರಶ್ನೆ ತೀರಿಸುವುದು ಕಷ್ಟ ಆಯಿತು.

ಆದ್ದರಿಂದ ಒಂದೇ ಸಲ, ಪೂರ್ತಿ. ಗೆಳೆಯನಿಗೆ ಕೊಡಬೇಕಾದ ಆ ಸಣ್ಣ ಮೊತ್ತವೂ ಸೇರಿ.

ಯಾರಿಗೆ ಮೊದಲು ಹೇಳಬೇಕು? ದುಡ್ಡು ಇರುವವರಿಗೇ ಮೊದಲು ಹೇಳಬೇಕು ಅಂತೇನಿಲ್ಲ. ಸಿಡುಕದೆ ಕೇಳಿಸಿಕೊಳ್ಳುವವರು ಯಾರೋ ಅವರಿಗೆ ಹೇಳಿ. ಅಕ್ಕ ಇರಬಹುದು, ಚಿಕ್ಕಪ್ಪ ಇರಬಹುದು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಪ್ಪ ಅಮ್ಮನಿಗೆ ಹೇಳಿದರೆ ಮಾತು ಜಗಳಕ್ಕೆ ತಿರುಗುವುದು ಕಡಿಮೆ. ಆದರೆ ನಿಮ್ಮ ಬದಲು ಅವರ ಕೈಲಿ ಹೇಳಿಸಬೇಡಿ. ಹೊತ್ತು ನೋಡಿ ಹೇಳಿ. ರಾತ್ರಿ ಮಲಗುವ ಹೊತ್ತು ಬೇಡ, ಹೇಳಿದವರು ಮಲಗುತ್ತಾರೆ, ಕೇಳಿದವರು ಎದ್ದು ಕೂರುತ್ತಾರೆ. ರಜೆಯ ದಿನ ಬೆಳಿಗ್ಗೆ ಒಳ್ಳೆಯದು.

ಶುರು ಹೀಗೆ ಮಾಡಬಹುದು: 'ಅಪ್ಪಾ, ನಾನು ಸಾಲ ಮಾಡ್ಕೊಂಡಿದೀನಿ. ಒಟ್ಟು ಇಷ್ಟು. ಎಲ್ಲ ಈ ಹಾಳೇಲಿದೆ, ಇದರ ಆಚೆ ಏನೂ ಇಲ್ಲ. ತೀರಿಸೋದು ನಾನೇ. ಆದ್ರೆ ಒಬ್ಬನೇ ಇದ್ರೆ ಆಗ್ತಿಲ್ಲ, ನಿಮ್ಮ ಸಹಾಯ ಬೇಕು.' ಮೊತ್ತ ಎರಡನೇ ವಾಕ್ಯದಲ್ಲೇ ಬರಲಿ. ಹತ್ತು ನಿಮಿಷ ಪೀಠಿಕೆ ಹಾಕಿದರೆ ಕೇಳುವವರು ಅಷ್ಟರಲ್ಲಿ ಇನ್ನೂ ಕೆಟ್ಟದ್ದನ್ನು ಊಹಿಸಿಕೊಂಡಿರುತ್ತಾರೆ. ಬೈಗುಳ ಬರುತ್ತದೆ, ಬರಲಿ. ಯಾಕೆ ಮಾಡಿದೆ ಅನ್ನುವ ಪ್ರಶ್ನೆಗೆ ಆ ದಿನವೇ ವಾದ ಮಾಡಿ ಗೆಲ್ಲಲು ಹೋಗಬೇಡಿ. ಹಾಳೆ ಕೊಟ್ಟು, ಎರಡು ದಿನ ಬಿಟ್ಟು ಕೂರೋಣ ಅಂತ ಹೇಳಿ ಎದ್ದುಬಿಡಿ.

ಸಾಲಕ್ಕೆ ಕಾರಣ ಆನ್‌ಲೈನ್ ಜೂಜೋ ಬೆಟ್ಟಿಂಗೋ ಆಗಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು, ಮತ್ತು ಆಗ ಮೊದಲ ಸಹಾಯ ದುಡ್ಡಿನದ್ದು ಆಗಬಾರದು. ಆ ಚಟಕ್ಕೆ ಆಪ್ತಸಲಹೆ, ಚಿಕಿತ್ಸೆ ಇದೆ. ಅದು ಶುರು ಆಗದೆ ಕೊಟ್ಟ ದುಡ್ಡು ಅಲ್ಲಿಗೇ ಹೋಗುತ್ತದೆ. ಇನ್ನೊಂದು ಮಾತು, ಇದಕ್ಕೆ ಹಾಳೆ ಗೀಳೆ ಯಾವುದೂ ಬೇಡ: ಸಾಲದ ಚಿಂತೆಯಲ್ಲಿ ಬದುಕೇ ಸಾಕು ಅನ್ನಿಸುತ್ತಿದ್ದರೆ, ಲೆಕ್ಕ ಎಲ್ಲ ಆಮೇಲೆ, ಈಗಲೇ ಯಾರಾದರೊಬ್ಬರಿಗೆ ಅದನ್ನು ಹೇಳಿ. ಮನೆಯವರಿಗೆ ಆಗದಿದ್ದರೆ ಗೆಳೆಯರಿಗೆ, ಡಾಕ್ಟರಿಗೆ, ಸಹಾಯವಾಣಿಗೆ. ಎಂಥ ಸಾಲಕ್ಕೂ ಒಂದು ದಾರಿ ಮಾಡಿಕೊಳ್ಳಬಹುದು, ಅದಕ್ಕೆ ನೀವು ಇರಬೇಕು.

ಯಾವ ಸಹಾಯ ತಗೋಬೇಕು, ಯಾವುದು ಬೇಡ

ಕೆಲವು ಕಾಲ ಮನೆಯಲ್ಲೇ ಇರಲು ಸಾಧ್ಯವಾದರೆ ಅದು ಎಲ್ಲಕ್ಕಿಂತ ದೊಡ್ಡ ಸಹಾಯ. ಆದರೆ ಉಳಿದ ಬಾಡಿಗೆ ನೇರ ಸಾಲಕ್ಕೆ ಹೋದರೆ ಮಾತ್ರ. ನಾಚಿಕೆ ಅನ್ನಿಸುತ್ತದೆ, ಗೊತ್ತು. ಆದರೆ ಮನೆಯವರು ಒಂದು ಸಲ ಕೊಡುವ ಗಂಟಿಗಿಂತ ಒಂದೂವರೆ ವರ್ಷ ಬಾಡಿಗೆ ಇಲ್ಲದೆ ಇರುವುದೇ ಎಷ್ಟೋ ಸಲ ಜಾಸ್ತಿ ಆಗುತ್ತದೆ, ಅದರಲ್ಲಿ ಅವರ ಉಳಿತಾಯವೂ ಕರಗುವುದಿಲ್ಲ.

ಮನೆಯವರು ದುಡ್ಡು ಕೊಡುವುದಾದರೆ ಅದು ನಿಮ್ಮ ಕೈಗೆ ಬರದೆ ನೇರ ಸಾಲದ ಖಾತೆಗೆ ಹೋಗಲಿ. ಇದು ಅವಮಾನ ಅಲ್ಲ, ನೀವೇ ಮುಂದಾಗಿ ಹೀಗೆ ಹೇಳಿದರೆ ಅವರಿಗೂ ಧೈರ್ಯ. ಎಲ್ಲ ಸಾಲಕ್ಕೂ ಸ್ವಲ್ಪ ಸ್ವಲ್ಪ ಹಂಚಬೇಡಿ, ಅತಿ ಜಾಸ್ತಿ ಬಡ್ಡಿ ಇರುವ ಕಡೆ ಒಟ್ಟಿಗೆ ಹಾಕಿ. ತಿಂಗಳಿಗೆ ಶೇ. 3 ಬಡ್ಡಿಯ ಬಾಕಿಗೆ 50,000 ಹಾಕಿದರೆ ಮುಂದಿನ ತಿಂಗಳಿಂದಲೇ 1,500 ಬಡ್ಡಿ ಉಳಿಯುತ್ತದೆ. ಆ 1,500 ಅಸಲಿಗೆ ಹೋಗಲು ಶುರು ಮಾಡುತ್ತದೆ.

ಆಮೇಲೆ ಬರೆದುಕೊಳ್ಳಿ. ಮನೆಯವರ ಮಧ್ಯೆ ಕಾಗದ ಯಾಕೆ ಅಂತ ಅಮ್ಮ ಬೇಜಾರು ಮಾಡಿಕೊಳ್ಳಬಹುದು. ಆದರೂ ಬರೆಯಿರಿ. ಎಷ್ಟು ಕೊಟ್ಟರು, ಇದು ಸಾಲವೋ ಸುಮ್ನೆ ಕೊಟ್ಟದ್ದೋ, ಯಾವಾಗಿಂದ ವಾಪಸ್, ತಿಂಗಳಿಗೆ ಎಷ್ಟು, ನಡುವೆ ಕೆಲಸ ಹೋದರೆ ಏನು ಮಾಡುವುದು. ಅರ್ಧ ಪುಟ ಸಾಕು. ಮನೆಯಲ್ಲಿ ಹುಟ್ಟುವ ಜಗಳ ಮೊತ್ತಕ್ಕಿಂತ ಜಾಸ್ತಿ 'ನಾನು ಹಾಗೆ ಹೇಳಿರಲಿಲ್ಲ' ಅನ್ನುವುದರಿಂದ ಬರುತ್ತದೆ. ಅವರ ಠೇವಣಿಗೆ ಶೇ. 7 ಬಡ್ಡಿ ಬರುತ್ತಿದ್ದು ಅದನ್ನು ಮುರಿದು ಕೊಟ್ಟಿದ್ದರೆ, ಆ ಶೇ. 7 ಬಡ್ಡಿ ನೀವು ಕೊಡಿ. ಶೇ. 36 ಕಟ್ಟುತ್ತಿದ್ದವರಿಗೆ 7 ಏನೂ ಭಾರ ಅಲ್ಲ, ಅವರಿಗೂ ನಷ್ಟ ಇಲ್ಲ. ಅಕ್ಕನ ಹತ್ತಿರ ತಗೊಳ್ಳುವುದಾದರೆ ಭಾವನಿಗೂ ವಿಷಯ ಗೊತ್ತಿರಲಿ. ಗಂಡನಿಗೆ ಹೇಳದೆ ಕೊಟ್ಟ ದುಡ್ಡು ಮುಂದೆ ಇನ್ನೊಂದು ಮನೆಯಲ್ಲಿ ಬೆಂಕಿ ಹಚ್ಚುತ್ತದೆ.

ಇನ್ನು ಕೆಲವನ್ನು ಅವರೇ ಒತ್ತಾಯ ಮಾಡಿ ಕೊಟ್ಟರೂ ತಗೋಬೇಡಿ. ಅಪ್ಪ ಅಮ್ಮನ ಮುಪ್ಪಿನ ಕಾಲದ ದುಡ್ಡು ಅದರಲ್ಲಿ ಮೊದಲನೆಯದು. ನಿಮಗೆ ದುಡಿಯಲು ಇನ್ನೂ ಮೂವತ್ತು ವರ್ಷ ಇದೆ, ಅವರಿಗೆ ಇಲ್ಲ. ಮನೆ ಪತ್ರ ಇಟ್ಟು ಸಾಲ ತರುವುದೂ ಬೇಡ. ಸಾಮಾನ್ಯವಾಗಿ ಕಾರ್ಡಿನ ಸಾಲಕ್ಕೆ ಅಡ ಅಂತ ಏನೂ ಇರುವುದಿಲ್ಲ. ಮನೆ ಪತ್ರ ಇಟ್ಟು ಅದನ್ನು ತೀರಿಸಿದರೆ ಬಡ್ಡಿ ಇಳಿಯುತ್ತದೆ ನಿಜ, ಆದರೆ ನೀವು ಖರ್ಚು ಮಾಡಿದ ಬಟ್ಟೆ, ಫೋನು, ಪ್ರವಾಸಕ್ಕೆಲ್ಲ ಈಗ ಮನೆ ಅಡ ಆಯಿತು. ತಮ್ಮನ ಹೆಸರಲ್ಲಿ ಹೊಸ ಸಾಲ ತೆಗೆಸುವುದು, ಅಮ್ಮನನ್ನು ಜಾಮೀನು ನಿಲ್ಲಿಸುವುದು, ಇವೂ ಅಷ್ಟೇ. ಜಾಮೀನು ಅಂದರೆ ಬರೀ ಸಹಿ ಅಂತ ಅಂದುಕೊಳ್ಳುವವರು ಬಹಳ. ನೀವು ಕಟ್ಟದಿದ್ದರೆ ಬಾಕಿ ಅವರು ಕಟ್ಟಬೇಕು, ಅದರ ಅರ್ಥ ಅದು.

ಯಾವುದನ್ನು ಮೊದಲು ತೀರಿಸುವುದು

ಎಲ್ಲ ಸಾಲಕ್ಕೂ ಕಟ್ಟಲೇಬೇಕಾದ ಕಂತು ತಾರೀಕಿಗೆ ಸರಿಯಾಗಿ ಹೋಗಲಿ. ಅದರ ಮೇಲೆ ಉಳಿಯುವ ಪ್ರತಿ ರೂಪಾಯಿಯೂ ಒಂದೇ ಸಾಲಕ್ಕೆ. ಬಡ್ಡಿ ಜಾಸ್ತಿ ಇರುವುದನ್ನು ಮೊದಲು ಹೊಡೆದರೆ ಒಟ್ಟು ಖರ್ಚು ಕಡಿಮೆ, ಲೆಕ್ಕ ಹೇಳುವುದು ಹಾಗೆ. ಸಣ್ಣ ಸಾಲ ಮೊದಲು ಮುಗಿಸಿದರೆ ಮನಸ್ಸಿಗೆ ಹುಮ್ಮಸ್ಸು ಬರುತ್ತದೆ ಅನ್ನುವವರೂ ಇದ್ದಾರೆ, ಅವರದ್ದೂ ಸುಳ್ಳಲ್ಲ. ನನ್ನ ಸಲಹೆ ಕೇಳುವುದಾದರೆ, ಎರಡು ತಿಂಗಳೊಳಗೆ ಮುಗಿಯುವಂಥ ಒಂದು ಸಣ್ಣದನ್ನು ಮೊದಲು ಮುಗಿಸಿ. ಫೋನ್ ಮಾಡುವವರಲ್ಲಿ ಒಬ್ಬರು ಕಡಿಮೆಯಾದರೂ ಉಸಿರಾಡಲು ಆಗುತ್ತದೆ. ಆಮೇಲೆ ಬಡ್ಡಿಯ ಕ್ರಮದಲ್ಲಿ ಹೋಗಿ. ಒಂದು ಸಾಲ ಮುಗಿದಾಗ ಅದರ ಕಂತು ಖರ್ಚಿಗೆ ಬಾರದೆ ಮುಂದಿನ ಸಾಲಕ್ಕೆ ಸೇರಬೇಕು. ಇದು ತಪ್ಪಿದರೆ ಇಡೀ ಯೋಜನೆ ನಿಧಾನ ಆಗುತ್ತದೆ.

ಗೆಳೆಯರ ಕೈಸಾಲಕ್ಕೆ ಬಡ್ಡಿ ಇಲ್ಲ, ಹಾಗಾಗಿ ಲೆಕ್ಕದ ಪ್ರಕಾರ ಅದು ಕೊನೆಗೆ. ಆದರೆ ಸುಮ್ಮನಿರಬೇಡಿ. 'ಇಂಥ ತಿಂಗಳಿಂದ ಇಷ್ಟಿಷ್ಟು ಕೊಡುತ್ತೇನೆ' ಅಂತ ಒಂದು ಮೆಸೇಜ್ ಹಾಕಿ, ಆ ತಾರೀಕಿಗೆ ಕೊಡಿ. ಮುಖ ತಪ್ಪಿಸಿಕೊಂಡು ಓಡಾಡುವುದರಿಂದ ಹೋಗುವ ಸ್ನೇಹ ತಡವಾಗಿ ಕೊಟ್ಟರೆ ಹೋಗುವುದಿಲ್ಲ.

ಸಾಲ ಕೊಟ್ಟವರ ಹತ್ತಿರ ಮಾತು

ಕಂತು ತಪ್ಪುವ ಮುಂಚೆ ನೀವೇ ಫೋನ್ ಮಾಡಿ. ಪಕ್ಕದಲ್ಲಿ ಮನೆಯವರು ಯಾರಾದರೂ ಕೂತಿದ್ದರೆ ಧ್ವನಿ ನಡುಗುವುದಿಲ್ಲ. ದಂಡ ಮನ್ನಾ ಮಾಡುತ್ತಾರಾ, ಬಡ್ಡಿ ಇಳಿಸುತ್ತಾರಾ, ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಾಗಿ ಮಾಡಿಕೊಡುತ್ತಾರಾ ಅಂತ ಕೇಳಿ. ಒಪ್ಪಿದ್ದನ್ನು ಬರವಣಿಗೆಯಲ್ಲಿ ತಗೊಳ್ಳಿ, ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ಅವಧಿ ಉದ್ದ ಮಾಡಿಕೊಡುತ್ತೇವೆ ಅಂದರೆ ಕುಣಿದಾಡಬೇಡಿ. ಒಂದು ಲಕ್ಷಕ್ಕೆ ವರ್ಷಕ್ಕೆ ಶೇ. 18ರಂತೆ 24 ತಿಂಗಳಾದರೆ ಕಂತು ಸುಮಾರು 4,990, ಒಟ್ಟು ಬಡ್ಡಿ 20,000ದ ಹತ್ತಿರ. ಅದನ್ನೇ 48 ತಿಂಗಳು ಮಾಡಿದರೆ ಕಂತು 2,940ಕ್ಕೆ ಇಳಿಯುತ್ತದೆ, ಬಡ್ಡಿ 41,000ಕ್ಕೆ ಏರುತ್ತದೆ. ಕಂತು ಕಟ್ಟಲು ಆಗುತ್ತಲೇ ಇಲ್ಲ ಅನ್ನುವಾಗ ಒಪ್ಪಿಕೊಳ್ಳಿ. ಮುಂಚಿತವಾಗಿ ತೀರಿಸಿದರೆ ಶುಲ್ಕ ಇದೆಯಾ ಅಂತ ಆಗಲೇ ಕೇಳಿಟ್ಟುಕೊಳ್ಳಿ.

ಎಲ್ಲ ಸಾಲ ಸೇರಿಸಿ ಒಂದು ದೊಡ್ಡ ಸಾಲ ಮಾಡಿಕೊಳ್ಳುವುದು ಒಳ್ಳೆಯದೇ, ಶುಲ್ಕ ಎಲ್ಲ ಸೇರಿಸಿದ ಮೇಲೂ ಬಡ್ಡಿ ಕಡಿಮೆ ಇದ್ದರೆ, ಮತ್ತು ಹಳೇ ಕಾರ್ಡುಗಳನ್ನು ಅದೇ ವಾರ ಮುಚ್ಚಿಸಿದರೆ. ಮುಚ್ಚಿಸದೆ ಇದ್ದರೆ ವರ್ಷದಲ್ಲಿ ದೊಡ್ಡ ಸಾಲವೂ ಇರುತ್ತದೆ, ಕಾರ್ಡಿನ ಬಾಕಿಯೂ ಇರುತ್ತದೆ. 'ಸೆಟಲ್‌ಮೆಂಟ್' ಅಂತ ಅರ್ಧಕ್ಕೆ ಮುಗಿಸುವ ಮಾತು ಬಂದರೆ, ಕ್ರೆಡಿಟ್ ರಿಪೋರ್ಟಿನಲ್ಲಿ ಅದು ಪೂರ್ತಿ ತೀರಿದ ಸಾಲದ ಹಾಗೆ ಕಾಣುವುದಿಲ್ಲ, ಮುಂದೆ ಸಾಲ ಸಿಗುವುದು ಕಷ್ಟ ಆಗುತ್ತದೆ ಅನ್ನುವುದು ತಲೆಯಲ್ಲಿರಲಿ. ಬೇರೆ ದಾರಿ ಇಲ್ಲದಾಗ ಮಾತ್ರ. ನಿಮ್ಮ ಸಾಲ ಮಾಯ ಮಾಡಿಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಅನ್ನುವವರ ಫೋನನ್ನು ಹಾಗೇ ಇಟ್ಟುಬಿಡಿ.

ವಸೂಲಿಯವರು ಮನೆಗೆ ಫೋನ್ ಮಾಡಿ ಹೆದರಿಸಬಹುದು. ಅದಕ್ಕೆ ಮನೆಯವರನ್ನು ಮೊದಲೇ ಸಿದ್ಧ ಮಾಡಿ. ಸಾಲಕ್ಕೆ ಸಹಿ ಹಾಕದ, ಜಾಮೀನು ನಿಲ್ಲದ ಅಪ್ಪ ಅಮ್ಮ ಸಾಮಾನ್ಯವಾಗಿ ಆ ಸಾಲಕ್ಕೆ ಹೊಣೆ ಅಲ್ಲ. 'ಅವನ ಹತ್ತಿರವೇ ಮಾತಾಡಿ' ಅಂತ ಹೇಳಿ ಇಡಬಹುದು. ಯಾರ ಕೈಗೂ ನಗದು ಕೊಡಬಾರದು, ಸಾಲದ ಖಾತೆಗೇ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು. ಬೆದರಿಕೆ ಬಂದರೆ ತಾರೀಕು, ಸಮಯ, ನಂಬರ್ ಬರೆದಿಟ್ಟು ದೂರು ಕೊಡಿ.

ತಿಂಗಳಿಗೆ ಇಪ್ಪತ್ತು ನಿಮಿಷ

ಸಂಬಳದ ಮಾರನೇ ದಿನ ಕಂತುಗಳು ತಾವಾಗಿಯೇ ಹೋಗುವ ಹಾಗೆ ಬ್ಯಾಂಕಿನಲ್ಲಿ ವ್ಯವಸ್ಥೆ ಮಾಡಿ. ಶಾಪಿಂಗ್ ಆ್ಯಪುಗಳಲ್ಲಿ ಉಳಿಸಿಟ್ಟ ಕಾರ್ಡಿನ ವಿವರ ಅಳಿಸಿ. ತಿಂಗಳಲ್ಲಿ ಒಂದು ದಿನ, ಮನೆಯ ಒಬ್ಬರ ಜೊತೆ, ಅದೇ ಹಾಳೆ ಮುಂದಿಟ್ಟುಕೊಂಡು ಇಪ್ಪತ್ತು ನಿಮಿಷ ಕೂರಿ. ಹೋದ ತಿಂಗಳು ಎಷ್ಟಿತ್ತು, ಈಗ ಎಷ್ಟಿದೆ. ಅಷ್ಟೇ. ಅದರ ಬದಲಿಗೆ ಉಳಿದ ಇಪ್ಪತ್ತೊಂಬತ್ತು ದಿನ ಯಾರೂ ಸಾಲದ ಮಾತು ಎತ್ತಬಾರದು ಅಂತ ಒಪ್ಪಂದ ಮಾಡಿಕೊಳ್ಳಿ. ಪ್ರತಿ ಊಟಕ್ಕೂ 'ಇದಕ್ಕೆಲ್ಲಿಂದ ದುಡ್ಡು ಬಂತು' ಅಂತ ಕೇಳಿಸಿಕೊಳ್ಳುವವರು ಮತ್ತೆ ಬಚ್ಚಿಡಲು ಶುರು ಮಾಡುತ್ತಾರೆ, ಇದು ಮನೆಯವರು ಓದಬೇಕಾದ ಸಾಲು.

ಸಾಲ ತೀರುವ ಮುಂಚೆಯೇ ಒಂದು ಸಣ್ಣ ಗಂಟು ಬೇರೆ ಖಾತೆಯಲ್ಲಿ ಇಡಿ. ಒಂದು ತಿಂಗಳ ಖರ್ಚಿನಷ್ಟಾದರೂ. ಶೇ. 36 ಬಡ್ಡಿ ಓಡುವಾಗ ದುಡ್ಡು ಸುಮ್ಮನೆ ಇಡುವುದು ದಡ್ಡತನ ಅಂತ ಲೆಕ್ಕ ಬಲ್ಲವರು ಹೇಳುತ್ತಾರೆ. ಆದರೆ ಅದಿಲ್ಲದಿದ್ದರೆ ಮೊದಲ ಹಲ್ಲುನೋವಿಗೇ ಕಾರ್ಡ್ ಹೊರಗೆ ಬರುತ್ತದೆ. ನಿಮ್ಮ ಸ್ವಂತ ಖುಷಿಗೂ ತಿಂಗಳಿಗೆ ಸ್ವಲ್ಪ ಇಟ್ಟುಕೊಳ್ಳಿ, ಅದರ ಲೆಕ್ಕ ಯಾರಿಗೂ ಕೊಡಬೇಕಿಲ್ಲ. ಎರಡು ವರ್ಷ ಏನೂ ಇಲ್ಲದೆ ಇರುತ್ತೇನೆ ಅಂದವರು ಮೂರನೇ ತಿಂಗಳಿಗೆ ಜಾರುತ್ತಾರೆ, ನಾನೂ ಜಾರಿದ್ದೆ. ಜಾರಿದರೆ ಆ ತಿಂಗಳ ಬೈಠಕ್ಕಿನ ತನಕ ಕಾಯಬೇಡಿ, ಅದೇ ದಿನ ಹೇಳಿ. ಮೊತ್ತ ಸಣ್ಣದಿರುವಾಗ ಹೇಳಿದ್ದಕ್ಕೆ ನನ್ನ ಅಪ್ಪ ಕೊನೆಗೂ 'ಇನ್ನೂ ಇದೆಯಾ' ಅಂತ ಕೇಳುವುದನ್ನು ಬಿಟ್ಟರು.

ಒಂದೊಂದು ಸಾಲ ಮುಗಿದಾಗಲೂ ಬಾಕಿ ಇಲ್ಲ ಅನ್ನುವ ಪತ್ರ ಕೇಳಿ ತಗೊಳ್ಳಿ. ಕೊಡುವ ತನಕ ಬಿಡಬೇಡಿ. ಎರಡು ತಿಂಗಳ ಮೇಲೆ ಕ್ರೆಡಿಟ್ ರಿಪೋರ್ಟ್ ಮತ್ತೆ ನೋಡಿ, ತೀರಿದ ಸಾಲ ಇನ್ನೂ ಬಾಕಿ ಅಂತ ಕಂಡರೆ ಆ ಪತ್ರ ಇಟ್ಟು ಸರಿ ಮಾಡಿಸಿ. ಹೊರಗಿನ ಸಾಲ ಎಲ್ಲ ಮುಗಿದ ಮೇಲೂ ಮನೆಯವರದ್ದು ಉಳಿದಿದ್ದರೆ, ಕೊನೆಯ ಕಂತು ಹೋಗುತ್ತಿದ್ದ ಅದೇ ತಾರೀಕಿಗೆ, ಅದೇ ಮೊತ್ತ, ಮುಂದಿನ ತಿಂಗಳಿಂದ ಅವರ ಖಾತೆಗೆ. 'ಈಗ ಯಾಕೆ, ನಿನ್ನ ಹತ್ರಾನೇ ಇರ್ಲಿ' ಅಂತಾರೆ. ಕಳಿಸಿಬಿಡಿ.